ಲೆನ್ಸಿನಲ್ಲಿಲ್ಲದ ಚುಕ್ಕಿ

ಮಾರ್ಚ್ ೩, ಸೋಮವಾರ

ನನಗೆ ಎಂಟನೇ ತಿಂಗಳು ಬಿತ್ತು. ಕೆಲಸ ಅದೇ: ಕನ್ನಡಕದ ಅಂಗಡಿ, ಹಿಂದಿನ ಕೋಣೆ, ಲೆನ್ಸ್ ತಪಾಸಣೆ. ಎಂದಿನಂತೆ.

ಮೊದಲ ಮಗುವನ್ನು ಏಳರಲ್ಲೇ ಹೊಟ್ಟೆ ಕೊಯ್ದು ತೆಗೆದಿದ್ದರು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವೇ ದಿನ ಉಳಿಯಿತು. ಈ ಸಲ ಆ ಗಡಿ ದಾಟಿದ್ದೇನೆ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ.

ಬೆರಳು ಊದಿದೆ, ಉಂಗುರ ಬರುತ್ತಿಲ್ಲ, ಸೋಪು ಹಚ್ಚಿದರೂ. ಫೋನಿನಲ್ಲಿ ಅಮ್ಮ: "ನೀನು ಹೊಟ್ಟೇಲಿದ್ದಾಗ ನಂಗೆ ಚಪ್ಪಲೀನೇ ಹಿಡೀತಿರ್ಲಿಲ್ಲ ಕಣೇ. ನಿಮ್ಮಪ್ಪಂದು ಹಾಕ್ಕೊಂಡು ಓಡಾಡ್ದೆ. ಪಾಪ, ಅವ್ರು ಬರಿಗಾಲು!"

ನಕ್ಕೆವು.

ಮಾರ್ಚ್ ೬, ಗುರುವಾರ

ಚೆಕಪ್. ಬಿಪಿ ಏರಿದೆ. ಮಾತ್ರೆ ಬರೆದರು.

"ತಲೆನೋವು? ಕಣ್ಮುಂದೆ ಮಿಂಚು, ಚುಕ್ಕಿ, ಏನಾದ್ರೂ?" ಡಾಕ್ಟರಮ್ಮ ಕೇಳಿದರು.

ಇಲ್ಲ ಎಂದೆ. ತಲೆನೋವಿತ್ತು.

"ಬಂದ್ರೆ ಆ ಕ್ಷಣ ಇಲ್ಲಿರ್ಬೇಕು. ಕಾಯೋ ಹಾಗಿಲ್ಲ, ಗೊತ್ತಾಯ್ತಾ?"

ಕಳೆದ ಸಲ ತಲೆನೋವು ಎಂದು ಹೋದವಳನ್ನು ಮನೆಗೆ ಕಳಿಸಲಿಲ್ಲ. ಮಗುವನ್ನು ತೆಗೆದರು.

ಹೊರಗೆ ಇವರು ಕಾಯುತ್ತಿದ್ದರು. "ಏನಂದ್ರು?"

"ಎಲ್ಲ ಸರಿಯಿದೆಯಂತೆ."

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಬಂದ ಲೆನ್ಸ್‌ಗಳಲ್ಲೆಲ್ಲ ಒಂದು ಚುಕ್ಕಿ. ನಡುವಿಗಿಂತ ತುಸು ಮೇಲೆ, ಅಂಚು ಮಿನುಗುವಂಥದ್ದು. ಒರೆಸಿದೆ. ದೀಪಕ್ಕೆ ಹಿಡಿದೆ. ತಿರುಗಿಸಿದೆ. ಕಾರ್ಖಾನೆಯ ದೋಷವೆಂದು ಇಡೀ ಟ್ರೇ ವಾಪಸಿಗೆ ಕಟ್ಟಿದೆ.

ಮಾಲೀಕರು ಬಿಚ್ಚಿ ಒಂದೊಂದನ್ನೇ ನೋಡಿದರು. "ಏನಮ್ಮಾ, ಇದ್ರಲ್ಲಿ ಏನಿದೆ ಅಂತ ವಾಪಸು?"

"ಚುಕ್ಕಿ, ಸಾರ್."

"ಥಳಥಳ ಅಂತಿದೆ ತಾಯಿ! ಹೀಗೇ ಕಳಿಸಿದ್ರೆ, ಮೊದ್ಲು ನೀವು ಕಣ್ಣು ತೋರಿಸ್ಕೊಳ್ರಿ ಅಂತಾರೆ ಅವ್ರು."

ನಗಲಾಗಲಿಲ್ಲ. ಲೆನ್ಸನ್ನು ತಿರುಗಿಸಿದಾಗ ಚುಕ್ಕಿ ತಿರುಗಿರಲಿಲ್ಲ. ಲೆನ್ಸಿನ ಜೊತೆ ತಿರುಗದ್ದು ಲೆನ್ಸಿನದಲ್ಲ — ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ.

ಬಿಳಿ ಗೋಡೆ ನೋಡಿದೆ. ಅಲ್ಲೂ ಇತ್ತು.

ಅದೇ ದಿನ, ಊಟದ ಹೊತ್ತು

ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿದೆ. ತಲೆ ಸಿಡಿಯುತ್ತಿದೆ. ಮಗು ಒದೆಯಿತು, ಮೆಲ್ಲಗೆ.

ಇನ್ನೊಂದು ವಾರ ಒಳಗಿದ್ದರೆ ಅಷ್ಟು ಗಟ್ಟಿಯಾಗುತ್ತದೆ ಅಂದುಕೊಳ್ಳುತ್ತಿದ್ದೆ. ಒಳಗೇ ಕೆಡುತ್ತಿದ್ದರೆ ಆ ವಾರ ಯಾರಿಗೆ?

ಬರೆದರೆ ಹಿಂದೆಗೆಯಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಹೋಗುವುದು. ತಲೆನೋವು ಮುಚ್ಚಿಟ್ಟದ್ದನ್ನೂ ಹೇಳುವುದು. ಈಗಲೇ ತೆಗೆಯಬೇಕು ಎಂದರೆ ಹೂಂ ಎನ್ನುವುದು.

ಇವರಿಗೆ ಫೋನ್ ಮಾಡೋಣವೆಂದರೆ ಹೆಸರು ಅರ್ಧ ಮಾತ್ರ ಕಾಣುತ್ತಿದೆ. ಮಾಲೀಕರನ್ನೇ ಕೂಗಬೇಕು. ಮುಂದುಗಡೆ ಗಿರಾಕಿಯ ಜೊತೆ ಮಾತಾಡುತ್ತಿದ್ದಾರೆ, ಫ್ರೇಮು ಅಗಲವಾಯಿತಂತೆ. ಅದು ಮುಗಿಯುವವರೆಗೆ ಕಾಯುವುದಿಲ್ಲ —