ಕಡಲಪಾಚಿ ದವಾ ಅಲ್ಲ

ನವೆಂಬರ್ ೨೧, ಶುಕ್ರವಾರ. ಭಾಲ್ಕಿ.

ಪಕ್ಕದ ಹೊಂಡದ ಮೀನಿಗೆ ಹುಣ್ಣು ಬಂದಿದೆ. ಮಧ್ಯಾಹ್ನದಿಂದ ತಲೆಯಲ್ಲಿ ಅದೊಂದೇ. ನಾವು ಮೀನು ಸಾಕುವ ಹೊಂಡಕ್ಕೂ ಅದಕ್ಕೂ ಒಂದೇ ಕಾಲುವೆಯ ನೀರು.

ಆ ಹೊಂಡದ ಜುಲ್ಫೀಕಾರ ತಾನೇ ಬಂದು ಕೇಳಿದ. "ಶಶಿಕಲಾ ಅಕ್ಕಾ, ನೀವು ಮೇವಿನ್ಯಾಗ ಕಲಸೋ ಕಡಲಪಾಚಿ ಪುಡಿ ಜರಾ ಕೊಡ್ರಿ."

"ಅದು ದವಾ ಅಲ್ಲಪ್ಪ. ಮೀನಿಗಿ ತಾಕತ್ತು ಬರಲಿ ಅಂತ ಮೊದಲಿಂದ ಹಾಕೂದು. ಹುಣ್ಣು ಎದ್ದ ಮ್ಯಾಲೆ ಹಾಕಿದ್ರ ಏನಾಗ್ತದೋ, ನನಗೂ ಗೊತ್ತಿಲ್ಲ."

"ಏನರ ಮಾಡಬೇಕಲ್ರಿ. ದಂಡಿಗಿ ನಿಂತು ನೋಡಕೋತ ಇರ್ಲಿಕ್ಕ ಆಗವಲ್ದು."

ಅರ್ಧ ಚೀಲ ಕೊಟ್ಟೆ. ಮೀನಿನ ಡಾಕ್ಟರಿಗೂ ಫೋನ್ ಮಾಡಿಸಿದೆ, ಸೋಮವಾರ ಬರುತ್ತಾರಂತೆ.

ಸಂಜೆ ನಮ್ಮ ಹೊಂಡಕ್ಕೆ ಬಲೆ ಹಾಕಿಸಿದೆ. ಎಲ್ಲ ಮೀನಿನ ಮೈಯೂ ನುಣುಪಾಗಿತ್ತು. ಸಮಾಧಾನವಾಯಿತು ಅನ್ನುವಷ್ಟರಲ್ಲಿ ಒಂದು ಕಾಟ್ಲಾ ಮೀನಿನ ಹೊಟ್ಟೆಯ ಕೆಳಗೆ ಕೆಂಪು ಚುಕ್ಕೆ ಕಂಡಿತು.

"ಬಲೀಗಿ ತರಚಿರಬೇಕು ಬಿಡು" ಅಂದರು ನಮ್ಮವರು. ಇರಬಹುದು. ಆದರೂ ಅದನ್ನು ಬೇರೆ ತೊಟ್ಟಿಯಲ್ಲಿ ಬಿಟ್ಟೆ. ಅವರೂ ಸರಿಯಾಗಿ ಊಟ ಮಾಡಲಿಲ್ಲ.

ಈಗಷ್ಟೇ ಜುಲ್ಫೀಕಾರನ ಫೋನ್ ಬಂದಿತ್ತು. ಅವನ ಮೀನು ಮೇವು ತಿಂದವಂತೆ. ಎರಡೆರಡು ಸಲ ಶುಕ್ರಿಯಾ ಅಂದ. ಆ ಖುಷಿಯ ದನಿ ಕೇಳಿ, ಅದೇ ಪುಡಿ ತಿನ್ನುವ ನಮ್ಮ ಮೀನಿಗೂ ಚುಕ್ಕೆ ಬಿದ್ದಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಬೆಳಕು ಹರಿದೊಡನೆ ಆ ಕಾಟ್ಲಾ ನೋಡಬೇಕು. ಏನೇ ಇದ್ದರೂ ಮೊದಲು ಅವನಿಗೇ ಹೇಳಬೇಕು. ಹ್ಯಾಗೆ ಹೇಳುವುದೋ...