ಸುಗುಣಳಿಗೆ ಕೊಟ್ಟ ಕೊಸರುಬೆಳಕು

ಮೂರನೇ ಸುರಂಗ, ಕೋಲಾರದ ಕೆಳಗೆ
ಆಷಾಢದ ನಲವತ್ತೊಂದನೇ ದಿನ, ಇಸವಿ 2217

ಇನ್ನೂ ಆಕಾಶದ ಕೆಳಗೆ ಮಲಗುವ ಹಿರಿಯರಿಗೆ,

ಆಷಾಢಕ್ಕೆ ನಲವತ್ತೊಂದನೇ ದಿನ ಎಲ್ಲಿಂದ ಬಂತು ಎಂದು ನಗಬೇಡಿ. ಚಂದ್ರ ಕಾಣದ ನಮ್ಮೂರಿನಲ್ಲಿ ದೀಪಮನೆಯವರು ಮುಗಿಯಿತು ಎಂದಾಗ ತಿಂಗಳು ಮುಗಿಯುತ್ತದೆ. ಈ ಸಲ ಅವರು ಮರೆತಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ, ಅರ್ಥವನ್ನು ಹೇಳುತ್ತಾ ಹೋಗುತ್ತೇನೆ. ನಮ್ಮಲ್ಲಿ ಸಾವಾದ ಮನೆಯವರು ಹನ್ನೊಂದನೇ ದಿನ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದು ಹಳೆಯ ಗಣಿಬಾವಿಗೆ ಹಾಕಬೇಕು. ಅದಕ್ಕೆ ಹಿಂಗಾಗದ ಎನ್ನುತ್ತೇವೆ. ಬಿಸಿಲನ್ನು ಹೀಗೆ ಮಾಡಿಟ್ಟು ಹೋದಿರಲ್ಲ ಎಂದು ಹೆಚ್ಚಿನವರು ನಿಮ್ಮನ್ನು ಬೈದು ಬರೆಯುತ್ತಾರೆ. ಗಂಡ ಸತ್ತಾಗ ನಾನೂ ಮೂರು ಹಾಳೆ ತುಂಬ ಬೈದಿದ್ದೆ. ಈ ಸಲ ಬೈಯಲು ನನಗೆ ಬಾಯಿಲ್ಲ. ಸತ್ತವಳು ನನ್ನ ಮಗಳು ಸುಗುಣ. ನಲವತ್ತೆರಡು ವರ್ಷ. ಅವಳ ಸಾವಿನಲ್ಲಿ ನನ್ನ ಕೈ ಇದೆ.

ನನ್ನ ಹೆಸರು ಅಲಮೇಲು. ದೀಪಮನೆಯಲ್ಲಿ ಮೂವತ್ತು ವರ್ಷ ಊರಿನ ದೀಪಗಳನ್ನು ಏರಿಸುವ, ಇಳಿಸುವ ಕೆಲಸ ಮಾಡಿ ನಿವೃತ್ತಳಾದವಳು. ಮೇಲಿನ ಬಿಸಿಲು ತಡೆಯಲಾರದೆ ನಮ್ಮ ಮುತ್ತಜ್ಜಂದಿರು ಹಳೆಯ ಚಿನ್ನದ ಗಣಿಯ ಮೇಲ್ಮಟ್ಟದ ಸುರಂಗಗಳಿಗೆ ಇಳಿದರು. ಇಲ್ಲಿ ಸೂರ್ಯನ ಕೆಲಸ ದೀಪಮನೆಯದು. ಬೆಳಿಗ್ಗೆ ಆರಕ್ಕೆ ಹಾದಿಯ ದೊಡ್ಡ ದೀಪಗಳು ಹತ್ತುತ್ತವೆ. ಊರಿಗೆ ಊರೇ ಬಿಂದಿಗೆ ಹಿಡಿದು ನೀರಿನ ತೊಟ್ಟಿಗೆ ಒಂದು ಮೈಲಿ ನಡೆಯುತ್ತದೆ. ಜಗಳ, ಮದುವೆ ಮಾತು, ಚಾಡಿ, ಎಲ್ಲ ಆ ದಾರಿಯಲ್ಲೇ. ಹಗಲೆಲ್ಲ ಅಣಬೆ ಮಡಿ, ರಾಗಿ ಮಡಿಗಳಲ್ಲಿ ಬೆನ್ನು ಬಗ್ಗಿಸಿ ದುಡಿಮೆ. ಸಂಜೆ ಆರೂವರೆಗೆ ಮುದ್ದೆ ಉಂಡು ಕೈತೊಳೆದಿರಬೇಕು, ಏಕೆಂದರೆ ಏಳಕ್ಕೆ ದೀಪ ಹಳದಿಗೆ ತಿರುಗಿ ಎಂಟೂವರೆಗೆ ಪೂರ್ತಿ ಆರಿಹೋಗುತ್ತದೆ. ಇದೆಲ್ಲ ವಿದ್ಯುತ್ತು ಉಳಿಸಲು ಮಾಡಿದ ನಿಯಮ. ಆರೋಗ್ಯದ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ.

ದೀಪಮನೆಯವರಿಗೆ ಮಾತ್ರ ಒಂದು ಸವಲತ್ತಿತ್ತು. ಸೊಪ್ಪಿನವಳು ಕಟ್ಟಿನ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳಲ್ಲ, ಹಾಗೆ ಊರು ಕತ್ತಲಾದ ಮೇಲೂ ನಮ್ಮ ಮನೆಗೆ ನಾಲ್ಕು ಗಂಟೆ ಬೆಳಕು. ಅದು ಕೊಸರುಬೆಳಕು. ನೀರು ಬಾಗಿಲಿಗೇ ಬರುತ್ತಿತ್ತು, ಆದ್ದರಿಂದ ಬೆಳಗಿನ ನಡಿಗೆಯೂ ಇಲ್ಲ. ಮಕ್ಕಳು ಶಾಲೆಗೆ ತಡವಾಗಿ ಹೋದರೆ ಕೇಳುವವರಿಲ್ಲ. ಸುಗುಣಳಿಗೆ ಆರು ವರ್ಷವಾದಾಗ ನನಗೆ ಈ ಕೆಲಸ ಸಿಕ್ಕಿತು. ಕತ್ತಲಿಗೆ ಹೆದರಿ ಬೆಳೆದವಳು ನಾನು, ನನ್ನ ಮಗಳು ಕತ್ತಲನ್ನೇ ನೋಡಬಾರದು ಎಂದು ಹಟ ಹಿಡಿದೆ. "ಇನ್ನೊಸಿ ಹೊತ್ತು ಇರ್ಲಿ ಕಣಮ್ಮ" ಎಂದು ಅವಳು ಕೇಳಿದಾಗಲೆಲ್ಲ ಬೆಳಕು ಕೊಟ್ಟೆ. ಹನ್ನೊಂದು ಗಂಟೆಗೆ ಹಸಿವೆಂದರೆ ಬೆಲ್ಲ ಹಾಕಿ ರೊಟ್ಟಿ ಸುಟ್ಟು ಕೊಟ್ಟೆ. ಬೆಳಿಗ್ಗೆ ಒಂಬತ್ತರವರೆಗೆ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಮಲಗಿಸಿದೆ. ಪಕ್ಕದ ಮನೆಯ ಮಕ್ಕಳು ನಮ್ಮ ಕಿಟಕಿಯನ್ನು ಆಸೆಯಿಂದ ನೋಡುವಾಗ ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ಅವಳಿಗೆ ಹತ್ತು ವರ್ಷವಿದ್ದಾಗ ನಾನು ಜ್ವರ ಬಂದು ಆಸ್ಪತ್ರೆ ಸೇರಿದೆ. ಇಪ್ಪತ್ತಮೂರು ದಿನ ಅವಳು ನನ್ನ ತಂಗಿ ಪಾಪಮ್ಮನ ಮನೆಯಲ್ಲಿದ್ದಳು. ಅಲ್ಲಿ ಕೊಸರು ಇಲ್ಲ. ಮಗಳನ್ನು ಕರೆದುಕೊಂಡು ಬಂದ ಪಾಪಮ್ಮ ಹೊಸ್ತಿಲಲ್ಲೇ ನಿಂತು, "ಅಕ್ಕಾ, ಮಗೂನ ಕತ್ಲಾಗೇ ಮಲಗ್ಸು. ದೀಪ ಇಳಿದೇಟ್ಗೆ ಕೋಳಿಮರಿ ಹಂಗೆ ನಿದ್ದೆ ಹೋಯ್ತಾಳೆ. ಬೆಳಿಗ್ಗೆ ನೀರಿಗೆ ನನ್ಗಿಂತ ಮುಂದೆ ಓಡ್ತಾಳೆ" ಎಂದಳು. ನನಗೆ ಸುರ್ರೆಂದು ಸಿಟ್ಟು ಏರಿತು. ನಿನಗೆ ನನ್ನ ದೀಪ ಕಂಡರೆ ಹೊಟ್ಟೆಕಿಚ್ಚು ಎಂದು ಮುಖಕ್ಕೇ ಹೇಳಿದೆ. ಎರಡು ವರ್ಷ ಅವಳ ಮನೆಯ ಮೆಟ್ಟಿಲು ತುಳಿಯಲಿಲ್ಲ. ಮಗಳನ್ನು ಕತ್ತಲಲ್ಲಿ ಬಿಟ್ಟೆನಲ್ಲ ಎಂಬ ಸಂಕಟಕ್ಕೆ, ಕಚೇರಿಯಲ್ಲಿ ಕಾಡಿಬೇಡಿ ಆ ತಿಂಗಳು ಐದು ಗಂಟೆ ಕೊಸರು ಉರಿಸಿದೆ.

ಸುಗುಣಳಿಗೆ ಇಪ್ಪತ್ತೆಂಟಕ್ಕೆ ಸಕ್ಕರೆ ಕಾಯಿಲೆ, ಮೂವತ್ತಾರಕ್ಕೆ ರಕ್ತದೊತ್ತಡ, ನಲವತ್ತಕ್ಕೆ ಹೃದಯ. ಮದುವೆಯಾದ ಮೇಲೂ ನನ್ನ ಮನೆಯಲ್ಲೇ ಇದ್ದಳು. ಅವಳದೇ ಮಗಳು ಚಿಗುರು ಹುಟ್ಟಿದ ಮೇಲೂ ಅವಳಿಗೆ ಕತ್ತಲಲ್ಲಿ ಮಲಗಲು ಬರಲೇ ಇಲ್ಲ. "ಸುಸ್ತಾಗೈತಮ್ಮ, ಆದ್ರೆ ನಿದ್ದೆ ಬರಾಕಿಲ್ಲ" ಎನ್ನುತ್ತಿದ್ದಳು. ಪಾಪ, ಮಗಳಿಗೆ ಬೇಸರ ಎಂದುಕೊಂಡು ನಾನು ದೀಪ ಹಾಕಿ ಜೊತೆಗೆ ಹರಟುತ್ತಾ ಕೂರುತ್ತಿದ್ದೆ. ಹತ್ತು ದಿನದ ಹಿಂದೆ ಮಧ್ಯಾಹ್ನ ನೀರು ಕೇಳಿದಳು. ಲೋಟ ತರುವಷ್ಟರಲ್ಲಿ ಹೋಗಿದ್ದಳು.

ನಮ್ಮಲ್ಲಿ ಹುಟ್ಟಿದ ಕೂಸಿಗೆಲ್ಲ ಮುಂಗೈಗೆ ನಡೆಪಟ್ಟಿ ಕಟ್ಟುತ್ತಾರೆ. ಮೈ ಯಾವಾಗ ಓಡಾಡಿತು, ಯಾವಾಗ ಮಲಗಿತು ಎಂದು ಅದು ಜೀವನಪೂರ್ತಿ ಗೆರೆ ಎಳೆಯುತ್ತದೆ. ಸತ್ತವರ ಗೆರೆಯನ್ನು ಕಾಗದದ ಸುರುಳಿ ಮಾಡಿ ಮನೆಗೆ ಕೊಡುತ್ತಾರೆ. ವೈದ್ಯೆ ತಬಸ್ಸುಮ್ ಸುರುಳಿ ಕೊಟ್ಟಾಗ ನಾನು ಅದನ್ನು ಬಾಗಿಲಿನಿಂದ ಒಲೆಯವರೆಗೆ ಹಾಸಿ ಮಂಡಿಯೂರಿ ಓದಿದೆ. ಆರು ವರ್ಷದವರೆಗೆ ಹಗಲಿಗೊಂದು ಗುಡ್ಡ, ಇರುಳಿಗೊಂದು ಹಳ್ಳ. ನನ್ನ ಕೆಲಸ ಶುರುವಾದ ತಿಂಗಳಿನಿಂದ ಹಳ್ಳ ತುಂಬುತ್ತಾ ಗುಡ್ಡ ಸವೆಯುತ್ತಾ ಬಂದಿತ್ತು. ಕೊನೆಕೊನೆಗೆ ಹಗಲು ಯಾವುದು, ಇರುಳು ಯಾವುದು ತಿಳಿಯದಂತೆ ಗೆರೆ ಮಟ್ಟಸವಾಗಿತ್ತು. ನಡುವೆ ಒಂದೇ ಕಡೆ ಗುಡ್ಡ ಮತ್ತೆ ಎದ್ದಿತ್ತು, ಹಳ್ಳ ಮತ್ತೆ ಇಳಿದಿತ್ತು. ಎಣಿಸಿದೆ. ಇಪ್ಪತ್ತಮೂರು ದಿನ. ಹಗಲಿರುಳು ಹೀಗೆ ಕಲಸಿಹೋದರೆ ಸಕ್ಕರೆ, ಹೃದಯದ ಕಾಯಿಲೆ ಬೇಗ ಬರುತ್ತದೆ ನಿಜ, ಆದರೆ ಇದೊಂದರಿಂದಲೇ ಎನ್ನಲಾಗದು, ವಂಶದಲ್ಲೂ ಇರಬಹುದು ಎಂದು ತಬಸ್ಸುಮ್ ಸಮಾಧಾನ ಹೇಳಿದಳು. ವಂಶ ಎಂದರೆ ನಾನೇ ಅಲ್ಲವೇ ಎಂದೆ. ಅವಳು ಬಗ್ಗಿ ಸುರುಳಿಯನ್ನು ಮತ್ತೆ ಸುತ್ತಿಕೊಟ್ಟಳು. ಆ ಸುರುಳಿಯನ್ನು ಪಾಪಮ್ಮನಿಗೆ ತೋರಿಸಬೇಕೆಂದರೆ ಅವಳು ತೀರಿಕೊಂಡು ಒಂದು ವರ್ಷವಾಯಿತು.

ಈಗ ಏಳು ವರ್ಷದ ಚಿಗುರು ನನ್ನ ಜೊತೆಗಿದ್ದಾಳೆ. ಅವಳ ಅಪ್ಪನಿಗೆ ಆರನೇ ಸುರಂಗದಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾನೆ. ನಿವೃತ್ತಿಯಾದರೂ ಉಳಿದಿದ್ದ ಕೊಸರುಬೆಳಕನ್ನೂ ಬಾಗಿಲಿಗೆ ಬರುವ ನೀರನ್ನೂ ನಾನು ದೀಪಮನೆಗೆ ಹಿಂದಿರುಗಿಸಿದೆ. ಮೊದಲ ದಿನ ಅವಳು ಅತ್ತಳು, ಎರಡನೇ ದಿನ ತಟ್ಟೆ ಎಸೆದಳು. ಮೂರನೇ ದಿನ, "ಅಮ್ಮಂಗಾದ್ರೆ ಕೊಡ್ತಿದ್ದೆ. ನಂಗ್ಯಾಕೆ ಕೊಡಾಕಿಲ್ಲ? ನಿಂಗೆ ಅಮ್ಮನ್ನ ಕಂಡ್ರೇನೇ ಇಷ್ಟ" ಎಂದಳು. ನಿನ್ನಮ್ಮನಿಗೆ ಇಷ್ಟಪಟ್ಟು ಕೊಟ್ಟದ್ದೇ ಅವಳನ್ನು ತಿಂದಿತು ಎಂದು ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು? ಹೌದು ಎಂದುಬಿಟ್ಟೆ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ಸಣ್ಣ ಬಿಂದಿಗೆ ಎತ್ತಿಕೊಂಡು, ನನಗಾಗಿ ಕಾಯದೆ, ತೊಟ್ಟಿಯ ಕಡೆಗೆ ಮುಂದೆ ಓಡುತ್ತಾಳೆ.

ನಿಮ್ಮ ಕಾಲದಲ್ಲಿ ಕೊಸರುಬೆಳಕು ಎಲ್ಲರ ಮನೆಯಲ್ಲೂ ಇತ್ತಂತೆ, ಅಂಗೈಯಲ್ಲೂ, ಹಾಸಿಗೆಯಲ್ಲೂ. ನಿಮ್ಮನ್ನು ನಾನು ಕೇಳುವುದು ಇಷ್ಟೇ. ಇವತ್ತು ನಿಮ್ಮ ಮಗು ಇನ್ನೊಂದು ಸ್ವಲ್ಪ ಹೊತ್ತು ಎಂದು ಗೋಗರೆದರೆ, ಇಲ್ಲ ಎನ್ನಿ. ಅದು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನಿಮಗೆ ಸಂಕಟವಾದರೆ ಆಗಲಿ. ಬೆಳಿಗ್ಗೆ ಕೈಹಿಡಿದು ಬೆಳಕಿಗೆ ಕರೆದುಕೊಂಡು ಹೋಗಿ ನಡೆಸಿ. ನಿಮಗೆ ಸೂರ್ಯನೇ ಇದ್ದಾನಲ್ಲ.

ದೀಪ ಹಳದಿಗೆ ತಿರುಗಿದೆ, ಬರೆಯುವುದನ್ನು ನಿಲ್ಲಿಸಬೇಕು. ಚಿಗುರು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ನಿದ್ದೆ ಹತ್ತಿದೆ. ಮುಂದೆ ಅವಳು ಮೊಮ್ಮಕ್ಕಳನ್ನು ಕೂರಿಸಿಕೊಂಡು, ನಮ್ಮಜ್ಜಿ ಬಲು ಜಿಪುಣಿ, ನನಗೆ ಒಂದು ಗಳಿಗೆಯೂ ಬೆಳಕು ಕೊಡಲಿಲ್ಲ ಎಂದು ದೂರಲಿ. ಹಲ್ಲೆಲ್ಲ ಉದುರಿದ ಬಾಯಲ್ಲಿ ದೂರಲಿ.

ಇಂತಿ,
ಸುಗುಣಳ ತಾಯಿ ಅಲಮೇಲು