ಸಪ್ಪೆ ಸೂಜಿ ಚುಚ್ಚಿಸಿಕೊಂಡವರಿಗೆ ನಿಮ್ಮ ಕಂಬದಲ್ಲಿ ಜಾಗವಿಲ್ಲವೇ?

ಕೃತಜ್ಞತಾ ಸ್ತಂಭ ಸಮಿತಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ ಮಾನ್ಯ ಅಧಿಕಾರಿಗಳೇ,

ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಕಳೆದ ತಿಂಗಳು ತಾವು ನಿಲ್ಲಿಸಿದ ಕರಿಕಲ್ಲಿನ ಕಂಬದ ಮೇಲೆ ‘ಕೊರೊನಾ ಲಸಿಕೆಗಾಗಿ ದುಡಿದ ವಿಜ್ಞಾನಿಗಳಿಗೂ ಸ್ವಯಂಸೇವಕರಿಗೂ ನಾಡಿನ ನಮನ’ ಎಂದು ಕೆತ್ತಿಸಿದ್ದೀರಿ. ಅದರ ಕೆಳಗೆ ಹೆಸರುಗಳಿವೆ. ತಮ್ಮ ಹೆಸರಿದೆ, ಉಪಾಧ್ಯಕ್ಷರ ಹೆಸರಿದೆ, ಕಲ್ಲು ಕೊಡಿಸಿದವರ ಹೆಸರಿದೆ, ಶಾಮಿಯಾನ ಹಾಕಿಸಿದವರ ಹೆಸರೂ ಇದೆ. ವಿಜ್ಞಾನಿ ಎಂಬುವರು ಒಬ್ಬರೂ ಇಲ್ಲ. ಸ್ವಯಂಸೇವಕರಂತೂ ಇಲ್ಲವೇ ಇಲ್ಲ. ಲಸಿಕೆಯ ಪ್ರಯೋಗಕ್ಕೆ ಮೈಯೊಡ್ಡಿದ ನಮ್ಮ ಅತ್ತಿಗೆ ಯಶೋಧ ಅವರನ್ನು ‘ಅನರ್ಹರು’ ಎಂದು ತಾವೇ ಬಾಯಿಬಿಟ್ಟು ಹೇಳಿ ಕಳಿಸಿದ್ದೀರಿ. ಹಾಗಾದರೆ ಆ ನಮನ ಯಾರಿಗೆ ಸ್ವಾಮಿ? ಕನ್ನಡಿಯ ಮುಂದೆ ನಿಂತು ಕೈಮುಗಿದ ಹಾಗಾಗಲಿಲ್ಲವೇ?

ನಾನು ಕಿರಂಗೂರಿನವನು, ಪಟ್ಟಣದಲ್ಲಿ ಪಂಪ್‌ಸೆಟ್ಟು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಅಣ್ಣ ಚಿಕ್ಕಸ್ವಾಮಿ ಗದ್ದೆ ನೋಡಿಕೊಳ್ಳುತ್ತಾನೆ, ಅತ್ತಿಗೆ ಹಸುಗಳನ್ನು ನೋಡಿಕೊಳ್ಳುತ್ತಾರೆ, ನಮ್ಮವ್ವ ಅಣ್ಣಮ್ಮ ನಮ್ಮೆಲ್ಲರನ್ನೂ ನೋಡಿಕೊಳ್ಳುತ್ತಾಳೆ. ಇಷ್ಟು ಪರಿಚಯ ಸಾಕು. ಹೆಚ್ಚು ಹೇಳಿದರೆ ಅದಕ್ಕೂ ದಾಖಲೆ ಕೇಳುತ್ತೀರಿ.

ಕೊರೊನಾ ಬಂದ ಮೊದಲನೇ ವರ್ಷ ಅತ್ತಿಗೆಯ ತಮ್ಮ ಅಶೋಕ್ ತೀರಿಹೋದ. ನಾಗಮಂಗಲದಲ್ಲಿ ಗೂಡ್ಸ್ ಆಟೋ ಓಡಿಸಿಕೊಂಡಿದ್ದ, ಗಟ್ಟಿಮುಟ್ಟಾದ ಹುಡುಗ. ಆಸ್ಪತ್ರೆಯವರು ಅವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರು. ಮುಖ ನೋಡುವುದಕ್ಕೂ ಬಿಡಲಿಲ್ಲ. ಅತ್ತಿಗೆ ದೂರದಲ್ಲಿ ನಿಂತು ಮಣ್ಣು ಎಸೆದು ಬಂದರು. ಆ ವರ್ಷದ ಕೊನೆಗೆ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಲಸಿಕೆಯ ಪ್ರಯೋಗಕ್ಕೆ ಜನ ಬೇಕಾಗಿದ್ದಾರೆಂದು ಯಾರೋ ಹೇಳಿದರು. ಅತ್ತಿಗೆ ರಾತ್ರಿ ಊಟಕ್ಕೆ ಬಡಿಸುತ್ತಾ, ಸೊಪ್ಪು ತರಲು ಹೋಗುತ್ತೇನೆ ಎನ್ನುವಷ್ಟೇ ಸಲೀಸಾಗಿ, “ನಾನು ಎಸ್ರು ಕೊಟ್ಬುಟ್ಟು ಬತ್ತೀನಿ” ಎಂದರು.

ಅವ್ವ ತುತ್ತು ಕೆಳಗಿಟ್ಟಳು. “ನಿನ್ ಮೈಯೇನು ಬೀಜ ಪರೀಕ್ಷೆ ಮಾಡೋ ಗದ್ದೆಯೇನವ್ವಾ? ಏನಾರ ಎಚ್ಚುಕಮ್ಮಿ ಆದ್ರೆ ಯಾರ್ ದಿಕ್ಕು?”

“ಯಾರಾರ ಒಬ್ರು ಮೊದ್ಲು ಚುಚ್ಚಿಸ್ಕೋಬೇಕಲ್ಲ ಅತ್ತೆ. ಎಲ್ರೂ ನಿಮ್ಮಂಗೇ ಅಂದ್ರೆ ಔಸ್ದಿ ಎಲ್ಲಿಂದ ಬತ್ತದೆ? ನನ್ ತಮ್ಮನ್ನ ಮುಟ್ಟಕ್ಕೂ ಆಗ್ಲಿಲ್ಲ. ಇನ್ಯಾರ್ ತಮ್ಮಂಗೂ ಅಂಗಾಗ್ದೇ ಇರ್ಲಿ.”

ಅಣ್ಣ ಬೆಳಗಾಗುತ್ತಲೇ ಬೈಕು ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿದ.

ಆಸ್ಪತ್ರೆಯವರು ಮೊದಲೇ ಅತ್ತಿಗೆಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದ ಲಸಿಕೆ, ಇನ್ನರ್ಧ ಜನಕ್ಕೆ ಲಸಿಕೆಯ ಸತ್ವವೇ ಇಲ್ಲದ ಸೂಜಿ. ಯಾರಿಗೆ ಯಾವುದೆಂದು ಚುಚ್ಚುವವರಿಗೂ ಗೊತ್ತಿರುವುದಿಲ್ಲ, ಚುಚ್ಚಿಸಿಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಅತ್ತಿಗೆ ಒಪ್ಪಿ ಸಹಿ ಹಾಕಿದರು. ಎರಡು ಸಲ ಹೋಗಿ ಬಂದರು. ಸಂಕ್ರಾಂತಿ ಕಳೆದ ಮೇಲೆ ಕೊರೊನಾ ಜ್ವರ ಹತ್ತಿತು, ಉಸಿರು ಮೇಲೆ ಕೆಳಗೆ ಆಯಿತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದ ಅವರನ್ನು ಗಾಜಿನಾಚೆಯಿಂದ ನೋಡುತ್ತಾ ಅಣ್ಣ ಗೋಡೆಗೆ ತಲೆ ಕೊಟ್ಟು ಅತ್ತದ್ದನ್ನು ನಾನು ನೋಡಿದ್ದೇನೆ. ಅತ್ತಿಗೆ ಬದುಕಿ ಬಂದರು. ಆದರೆ ಮೂಗಿನ ಶಕ್ತಿ ಮರಳಲಿಲ್ಲ. ಬೆಣ್ಣೆ ಕಾಯಿಸುವಾಗ ದನದ ಹಟ್ಟಿಯಲ್ಲಿ ನಿಂತೇ ತುಪ್ಪ ಹದಕ್ಕೆ ಬಂತೆಂದು ಹೇಳುತ್ತಿದ್ದವರು, ಇವತ್ತಿಗೂ ಹಾಲು ಸೀದರೆ ಹೊಗೆ ಕಂಡ ಮೇಲೆ ಓಡುತ್ತಾರೆ.

ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯವರು ಕರೆದು ತಿಳಿಸಿದರು: ನಿಮಗೆ ಬಿದ್ದದ್ದು ಸತ್ವವಿಲ್ಲದ ಸೂಜಿ, ಈಗ ಬೇಕಾದರೆ ನಿಜವಾದದ್ದನ್ನು ಹಾಕಿಸಿಕೊಳ್ಳಿ. ಅತ್ತಿಗೆ ಹಾಕಿಸಿಕೊಂಡು ಬಂದರು. ಊರು ಮಾತ್ರ ಅದಕ್ಕೆ ‘ಸಪ್ಪೆ ಸೂಜಿ’ ಎಂದು ಹೆಸರಿಟ್ಟಿತು. “ಯಶೋದಕ್ಕ ನೀರು ಚುಚ್ಚಿಸ್ಕಬರಕ್ಕೆ ಮೈಸೂರ್ಗಂಟ ಓಗಿದ್ಲಂತೆ” ಎಂದು ನಕ್ಕರು. ಅತ್ತಿಗೆ ಆ ನಗುವನ್ನೂ ಕೆಲಸಕ್ಕೆ ಹಚ್ಚಿದರು. ಊರಿಗೆ ಲಸಿಕೆ ಹಾಕುವವರು ಬಂದ ದಿನ ಅರ್ಧ ಊರು ಬಾಗಿಲು ಹಾಕಿಕೊಂಡಿತ್ತು. ಪಕ್ಕದ ಮನೆಯ ಬೆಟ್ಟಮ್ಮ ಕದದ ಸಂದಿಯಿಂದ, “ಚುಚ್ಚಿಸ್ಕಂಡು ಸತ್ತೋದ್ರೆ ಏನ್ಮಾಡ್ಲಿ?” ಎಂದಳು.

“ನಾನು ಸಪ್ಪೆದು ಚುಚ್ಚಿಸ್ಕಂಡು ಸಾಯಕ್ಕೋಗಿದ್ದೆ ಕಣಕ್ಕ. ನಿಂಗೆ ನಿಜವಾದ್ದು ಬಾಗ್ಲಿಗೇ ಬಂದದೆ. ಎದ್ದು ಬಾ.”

ಬೆಟ್ಟಮ್ಮ ಎದ್ದು ಬಂದಳು. ಅವಳ ಹಿಂದೆ ಅವಳ ಸೊಸೆ ಬಂದಳು, ಆಮೇಲೆ ಇಡೀ ಬೀದಿ ಬಂತು. ಇದು ನಡೆದಾಗ ತಮ್ಮ ಸಮಿತಿ ಹುಟ್ಟಿರಲಿಲ್ಲ, ತಮ್ಮ ತಪ್ಪೇನೂ ಇಲ್ಲ.

ತಪ್ಪಿರುವುದು ಈಗ. ‘ಲಸಿಕೆಯ ಹಿಂದಿನ ಸ್ವಯಂಸೇವಕರು ಸನ್ಮಾನಕ್ಕಾಗಿ ಸಂಪರ್ಕಿಸಬಹುದು’ ಎಂದು ತಾವು ಪ್ರಕಟಣೆ ಹೊರಡಿಸಿದಾಗ ಅಣ್ಣನೂ ನಾನೂ ತಮ್ಮ ಕೊಠಡಿಗೆ ಬಂದೆವು. ಅತ್ತಿಗೆಗೆ ಇಷ್ಟವಿರಲಿಲ್ಲ, ನಾವೇ ಬಂದದ್ದು. ತಾವು ಕೇಳಿಸಿಕೊಂಡಿರಿ, ಕನ್ನಡಕ ತೆಗೆದಿರಿ, ನಕ್ಕಿರಿ. ತಮ್ಮ ಮಾತು ನನಗೆ ಅಕ್ಷರಶಃ ನೆನಪಿದೆ: “ನೋಡಿ, ಇವರಿಗೆ ಕೊಟ್ಟಿದ್ದು ಲಸಿಕೆನೇ ಅಲ್ಲವಲ್ಲ. ಸುಮ್ಮನೆ ನೀರು ಚುಚ್ಚಿಸ್ಕೊಂಡೋರಿಗೆ ಶಾಲು ಹೊದಿಸಿದ್ರೆ ನಾಳೆ ನಾನು ಯಾರಿಗೆ ಉತ್ತರ ಹೇಳಲಿ? ಅವರು ಅನರ್ಹರಾಗ್ತಾರೆ.” ಅಣ್ಣ ಸಿಟ್ಟಿನ ಮನುಷ್ಯನಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. “ಅನರ್ಹ ಅಂತೆ ಕಣ್ಲಾ. ಅದ್ನ ಅವಳ್ಗೆ ಏಳ್ಬೇಡ” ಎಂದ.

ಮಾನ್ಯರೇ, ಹೊಸ ಗೊಬ್ಬರ ಬಂದರೆ ನಮ್ಮ ರೈತರು ಒಂದು ಮಡಿಗೆ ಹಾಕುತ್ತಾರೆ, ಪಕ್ಕದ ಮಡಿಗೆ ಹಾಕದೆ ಬಿಡುತ್ತಾರೆ. ಹಾಕದ ಮಡಿ ಸೊರಗಿದರೆ ತಾನೇ ಹಾಕಿದ ಮಡಿಯ ಗುಣ ಗೊತ್ತಾಗುವುದು? ಆ ಹಾಕದ ಮಡಿ ನಮ್ಮ ಅತ್ತಿಗೆ. ಸೊರಗಿದ್ದು ಪೈರಲ್ಲ, ಮನುಷ್ಯರು. ಸಪ್ಪೆ ಸೂಜಿಯವರು ಹಾಸಿಗೆ ಹಿಡಿದದ್ದರಿಂದಲೇ ನಿಜವಾದ ಸೂಜಿ ಕೆಲಸ ಮಾಡುತ್ತದೆಂದು ಲೋಕಕ್ಕೆ ತಿಳಿದದ್ದು. ತಮ್ಮ ತೋಳಿಗೆ ಬಿದ್ದ ಸೂಜಿಯನ್ನು ತಾವು ಧೈರ್ಯವಾಗಿ ಹಾಕಿಸಿಕೊಂಡಿರಲ್ಲ, ಆ ಧೈರ್ಯವನ್ನು ತಮಗೆ ಕೊಟ್ಟವರು ಯಾರು? ಸಮಿತಿಯ ನಡಾವಳಿಯೇ?

ಇನ್ನು ಕಂಬ ನಿಲ್ಲಿಸಿದ ಸಮಾರಂಭದ ವಿಷಯಕ್ಕೆ ಬರುತ್ತೇನೆ. ಪಾಂಡವಪುರದ ಕಡೆಯ ಹೆಣ್ಣುಮಗಳು, ಲಸಿಕೆ ತಯಾರಿಸಿದ ತಂಡವೊಂದರಲ್ಲಿ ದುಡಿದ ವಿಜ್ಞಾನಿ ಚೈತನ್ಯ ಬರುತ್ತಾರೆಂದು ಕೇಳಿ ಅತ್ತಿಗೆಯೇ ಹೊರಟರು. “ಸನ್ಮಾನ ಬ್ಯಾಡ, ಆ ಮಗೀನ ನೋಡ್ಕಂಡು ಬರಾನ” ಎಂದರು. ಹಿಂದಿನ ಸಾಲಿನಲ್ಲಿ ಕೂತೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ವೇದಿಕೆಯ ಮೇಲಿದ್ದವರಿಂದ ವೇದಿಕೆಯ ಮೇಲಿದ್ದವರಿಗೇ ಹೋದವು. ಚೈತನ್ಯ ಅವರಿಗೆ ಕೊನೆಯಲ್ಲಿ, ಜನ ಊಟದ ಕಡೆ ಎದ್ದ ಮೇಲೆ, ಮೈಕು ಸಿಕ್ಕಿತು. “ನಾವು ಲ್ಯಾಬಿನಲ್ಲಿ ಏನೇ ಮಾಡಿದರೂ, ಪ್ರಯೋಗಕ್ಕೆ ಬಂದ ಸಾವಿರಾರು ಜನ ಇಲ್ಲದಿದ್ದರೆ ಅದು ಬಾಟಲಿಯಲ್ಲೇ ಉಳಿಯುತ್ತಿತ್ತು. ಅದರಲ್ಲೂ ಲಸಿಕೆ ಸಿಗದೆ, ಬರೀ ಸೂಜಿ ಚುಚ್ಚಿಸಿಕೊಂಡು...” ಎನ್ನುವಷ್ಟರಲ್ಲಿ ತಮ್ಮ ನಿರೂಪಕರು ಮೈಕು ತೆಗೆದುಕೊಂಡು ವಂದನಾರ್ಪಣೆ ಶುರು ಮಾಡಿದರು. ವಂದನೆಗೆ ಅವಸರವಿತ್ತು ಪಾಪ, ವಂದಿಸಬೇಕಾದವರ ಮಾತು ಕೇಳಲು ಪುರುಸೊತ್ತಿರಲಿಲ್ಲ.

ಆಕೆ ಕೆಳಗಿಳಿದು ಬಂದಾಗ ನಾನೇ ಹೋಗಿ ಅತ್ತಿಗೆಯ ವಿಷಯ ಹೇಳಿದೆ. ಚೈತನ್ಯ ನೇರವಾಗಿ ಅತ್ತಿಗೆಯ ಪಕ್ಕದ ಕುರ್ಚಿಗೆ ಬಂದು ಕೂತು ಅವರ ಕೈ ಹಿಡಿದುಕೊಂಡರು.

“ಅಕ್ಕ, ನಿಮ್ಮಂಥೋರು ನಮಗೆ ನಂಬರ್ ಅಷ್ಟೇ. ಎಸರು ಗೊತ್ತಾಗಂಗಿಲ್ಲ, ಮುಖ ಗೊತ್ತಾಗಂಗಿಲ್ಲ. ಇವತ್ತೇ ಮೊದ್ಲು ಒಬ್ರನ್ನ ಮುಟ್ತಾ ಇರೋದು ನಾನು.”

“ನಂಗೆ ಬಿದ್ದುದ್ದು ಸಪ್ಪೆದು ಕಣವ್ವ” ಎಂದರು ಅತ್ತಿಗೆ, ತಪ್ಪು ಮಾಡಿದವರ ಹಾಗೆ.

“ಗೊತ್ತಾಯ್ತಕ್ಕ. ನಿಮಗೆ ಕಾಯ್ಲೆ ಬಂದಿದ್ದಕ್ಕೇ ಲಸಿಕೆ ಕೆಲ್ಸ ಮಾಡ್ತದೆ ಅಂತ ತಿಳಿದಿದ್ದು. ಥ್ಯಾಂಕ್ಸ್ ಅಂದ್ರೆ ಸಣ್ಣದಾಯ್ತದೆ.”

ಅತ್ತಿಗೆ ಆಕೆಯ ಕೆನ್ನೆ ಸವರಿದರು. “ನೀನೂ ಊಟ ನಿದ್ದೆ ಬುಟ್ಟು ದುಡಿದಿದ್ದೀಯ. ಮದ್ವೆ ಆಯ್ತಾ?”

“ಆಗ್ಬೇಕಿತ್ತು. ಕೆ.ಆರ್. ಪೇಟೆ ಕಡೆಯೋರು ಒಪ್ಪಿದ್ರು. ಆಮೇಲೆ ನನ್ ಕೆಲ್ಸ ಏನು ಅಂತ ಗೊತ್ತಾಗಿ, ವೈರಸ್ಸು ಸಾಕೋ ಉಡ್ಗಿ ನಮ್ಗೆ ಬ್ಯಾಡ ಅಂದ್ಬುಟ್ರು.”

ಇಬ್ಬರೂ ನಕ್ಕರು. ನಗುತ್ತಾ ನಗುತ್ತಲೇ ಅತ್ತಿಗೆಯ ಕಣ್ಣು ತುಂಬಿತು. ಆಸ್ಪತ್ರೆಯಲ್ಲೂ ಅಳದ ಹೆಂಗಸು, ತಮ್ಮ ಶಾಮಿಯಾನದ ಕೆಳಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆ ದಿನ ಅಲ್ಲಿ ನಡೆದ ಒಂದೇ ಒಂದು ಸನ್ಮಾನ ಅದು, ಮಾನ್ಯರೇ. ತಮ್ಮ ಛಾಯಾಗ್ರಾಹಕರು ಊಟಕ್ಕೆ ಹೋಗಿದ್ದರು.

ಇದಾದ ಮೇಲೂ ನಾನು ಸುಮ್ಮನಿರಬಹುದಿತ್ತು. ಮೊನ್ನೆ ನಡೆದದ್ದು ಸುಮ್ಮನಿರಲು ಬಿಡಲಿಲ್ಲ. ಡೆಂಗಿ ಜ್ವರಕ್ಕೆ ಹೊಸ ಲಸಿಕೆಯ ಪ್ರಯೋಗ ನಡೆಯುತ್ತಿದೆಯಂತೆ, ಜನ ಬೇಕಂತೆ. ಅತ್ತಿಗೆ ಹೋಗಿ ಹೆಸರು ಕೊಟ್ಟು ಬಂದಿದ್ದಾರೆ. ನಮಗೆ ತಿಳಿದದ್ದು ಬಂದ ಮೇಲೆ. ಅಣ್ಣ ಮೊದಲ ಬಾರಿಗೆ ದನಿ ಏರಿಸಿದ: “ಈ ಸಲಾನೂ ಸಪ್ಪೆದೇ ಬಿದ್ರೆ ಏನ್ ಮಾಡ್ತೀಯೆ?”

ಅತ್ತಿಗೆ ಹಸುವಿಗೆ ಹುಲ್ಲು ಎಳೆದು ಹಾಕುತ್ತಾ, “ಬೀಳ್ಲಿ ಬುಡಿ. ಅದೂ ಯಾರ್ ಪಾಲಿಗಾದ್ರೂ ಬೀಳ್ಲೇಬೇಕಲ್ವಾ” ಎಂದರು.

ಈ ಮಾತಿಗೆ ತಮ್ಮ ಸಮಿತಿಯ ನಿಯಮಾವಳಿಯಲ್ಲಿ ಉತ್ತರವಿದ್ದರೆ ತಿಳಿಸಿ. ಇಲ್ಲದಿದ್ದರೆ ನಾನು ಕೇಳುವುದನ್ನು ಮಾಡಿ. ಅತ್ತಿಗೆಗೆ ಶಾಲು ಬೇಡ, ಅವರ ಹೆಸರೂ ಕಲ್ಲಿನ ಮೇಲೆ ಬೇಡ. ತಾವು ಆಡಿದ ‘ಅನರ್ಹ’ ಎಂಬ ಪದವನ್ನು ಆಡಿದಷ್ಟೇ ಸ್ಪಷ್ಟವಾಗಿ, ಬಹಿರಂಗವಾಗಿ ವಾಪಸು ತೆಗೆದುಕೊಳ್ಳಿ. ಕಂಬದ ಮೇಲಿರುವ ತಮ್ಮೆಲ್ಲರ ಹೆಸರು ಅಳಿಸಿ ಆ ಜಾಗದಲ್ಲಿ, ‘ಲಸಿಕೆ ಕಂಡುಹಿಡಿದವರಿಗೆ, ಪ್ರಯೋಗಕ್ಕೆ ಮೈಯೊಡ್ಡಿದವರಿಗೆ, ನಿಜವಾದ ಸೂಜಿ ಪಡೆದವರಿಗೂ, ಸಪ್ಪೆ ಸೂಜಿ ಪಡೆದವರಿಗೂ’ ಎಂದು ಕೆತ್ತಿಸಿ. ಅಷ್ಟು ಮಾಡಲಾಗದಿದ್ದರೆ ಕಂಬವನ್ನೇ ಕಿತ್ತುಬಿಡಿ. ನಮಗೆ ಬೇಜಾರಿಲ್ಲ. ಕಲ್ಲು ಬೇರೆ ಯಾವುದಕ್ಕಾದರೂ ಆಗುತ್ತದೆ.

ಇಂತಿ, ಉತ್ತರ ಬಂದೀತೆಂಬ ಆಸೆ ಇನ್ನೂ ಪೂರ್ತಿ ಸತ್ತಿಲ್ಲದ,
ರಘುನಂದನ್, ಕಿರಂಗೂರು
(ಅನರ್ಹರೊಬ್ಬರ ಮೈದುನ, ಡೆಂಗಿ ಲಸಿಕೆಯ ಪ್ರಯೋಗಕ್ಕೆ ನಿನ್ನೆ ತಾನೇ ಹೆಸರು ಕೊಟ್ಟು ಬಂದವನು)